ನಂಬರ್ ಪ್ಲೇಟ್ ಬೇಡದ ಇ-ಸ್ಕೂಟರ್: ಏನು ಸಿಗುತ್ತೆ, ಏನು ಸಿಗಲ್ಲ

ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಅಂತ ಅಂಗಡಿಯವರು ಹೇಳುವುದು ಸುಳ್ಳಲ್ಲ, ಅರ್ಧ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ 30 ನಿಮಿಷದ ಪವರ್ (ಅರ್ಧ ಗಂಟೆ ಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯೊಳಗೆ ಇದ್ದರೆ ಮಾತ್ರ ಈ ಗಾಡಿ ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಆ ಮಾಡೆಲ್‌ಗೆ ಎಆರ್‌ಎಐ, ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇದೆಯೇ ಕೇಳಿ. ಅದರಲ್ಲಿರುವ ಮಾಡೆಲ್ ಹೆಸರನ್ನು ಗಾಡಿಯ ಮೇಲೆ ಕಂಪನಿ ಹಾಕಿದ ಪ್ಲೇಟ್ ಜೊತೆ ಹೋಲಿಸಿ.

ಸಮತಟ್ಟು ರಸ್ತೆಯಲ್ಲಿ ಒಬ್ಬರಿಗೆ ಗಾಡಿ ಚೆನ್ನಾಗಿದೆ. ಏರು ಬಂದರೆ ಬಣ್ಣ ಬಯಲು. 20 ಮೀಟರಿಗೆ 1 ಮೀಟರ್ ಏರುವ ಕಡೆ, ಗಾಡಿ-ಸವಾರ ಸೇರಿ 150 ಕೆ.ಜಿ. ಇದ್ದರೆ, 250 ವ್ಯಾಟ್‌ಗೆ ಸಿಗುವುದು ಗಂಟೆಗೆ ಹೆಚ್ಚೆಂದರೆ 10 ಕಿ.ಮೀ. ಹಿಂದೆ ಇನ್ನೊಬ್ಬರನ್ನು ಕೂರಿಸಿ ಫ್ಲೈಓವರ್ ಹತ್ತಿಸಿದರೆ ಮೋಟರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಬಿಸಿಯೇರುತ್ತದೆ.

ಅಗ್ಗದ ಮಾಡೆಲ್‌ಗಳಲ್ಲಿ 12 ವೋಲ್ಟ್‌ನ ಐದು ಲೆಡ್-ಆಸಿಡ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿ 60 ವೋಲ್ಟ್ ಮಾಡಿರುತ್ತಾರೆ. ಮೊದಲು ಕೈಕೊಡುವುದು ಇವೇ. ಮೈಲೇಜ್ ದಿಢೀರನೆ ಬಿದ್ದರೆ ಥ್ರಾಟಲ್ ತಿರುಗಿಸಿ ಓಡಿಸುವಾಗ ಒಂದೊಂದು ಬ್ಯಾಟರಿಗೂ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಸಿ: ಉಳಿದವು 12 ವೋಲ್ಟ್‌ನ ಹತ್ತಿರ ನಿಂತು ಒಂದು ಮಾತ್ರ 10.5ಕ್ಕಿಂತ ಕೆಳಗಿಳಿದರೆ ಕಳ್ಳ ಸಿಕ್ಕಂತೆ. ಅದೊಂದನ್ನೇ ಬದಲಿಸಿ ಹೊಸದು ಹಾಕಿದರೆ ಹಳೆಯವು ಅದನ್ನೂ ಬೇಗ ಕೆಡಿಸುತ್ತವೆ; ಐದನ್ನೂ ಬದಲಿಸುವುದೇ ಮೇಲು. ರಾತ್ರಿಯೆಲ್ಲ ಖಾಲಿ ಬಿಟ್ಟು ಬೆಳಿಗ್ಗೆ ಚಾರ್ಜ್‌ಗೆ ಹಾಕುವ ಅಭ್ಯಾಸ ಬ್ಯಾಟರಿಯೊಳಗಿನ ಪ್ಲೇಟ್‌ಗಳಿಗೆ ಸಲ್ಫೇಟ್ ಪದರ ಹಿಡಿಸುತ್ತದೆ. ಹಣ ಹೊಂದಿದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುವುದನ್ನೇ ಆರಿಸಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಲೂ ಹಗುರ.

ಇನ್ನು ಅಸಲಿ ತಕರಾರು. ಹಲವು ಗಾಡಿಗಳಲ್ಲಿ ವೇಗದ ಮಿತಿ ಕೂತಿರುವುದು ಕಂಟ್ರೋಲರಿನ ಒಂದು ವೈರಿನಲ್ಲಿ. "ಅದನ್ನು ತೆಗೆದರೆ 40 ಓಡುತ್ತೆ ಸರ್" ಎಂದು ಯಾರಾದರೂ ಅಂದರೆ ಬೇಡ ಎನ್ನಿ. ಆ ಕ್ಷಣದಿಂದ ಅದು ನೋಂದಣಿ, ವಿಮೆ ಎರಡೂ ಇಲ್ಲದ ಮೋಟಾರು ವಾಹನ. ಮಗನ ಕಾಲೇಜಿಗೆಂದು ಕೊಂಡವರಿಗಂತೂ ದುಬಾರಿ: ಅಪ್ರಾಪ್ತರು ಅಪರಾಧ ಎಸಗಿದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಪೋಷಕರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು ಹೇಳುತ್ತದೆ. ಅಂಗಡಿಯ ಮುಂದೆಯೇ ಮೊಬೈಲ್ ಜಿಪಿಎಸ್ ಇಟ್ಟು ಓಡಿಸಿ ನೋಡಿ; ಗಾಡಿಯ ಮೀಟರ್ ನಂಬಬೇಡಿ.

ಬಿಲ್‌ನಲ್ಲಿ ಚಾಸಿ, ಮೋಟರ್ ನಂಬರ್ ಬರೆಸಿಕೊಳ್ಳಿ. ಆರ್‌ಸಿ ಇಲ್ಲದ ಗಾಡಿ ಕಳುವಾದರೆ ನಿಮ್ಮದೆಂದು ತೋರಿಸಲು ಕೈಯಲ್ಲಿರುವುದು ಆ ಬಿಲ್ಲೇ.