ಎತ್ತರದ ಪುಡಿಗೆ ದುಡ್ಡು ಸುರಿಯುವ ಮುಂಚೆ ಎಡಗೈ ಎಕ್ಸ್-ರೇ

16ರಿಂದ 19 ವರ್ಷದವರನ್ನೇ ಗುರಿಯಿಟ್ಟು ಮಾರುವ 'ಎತ್ತರ ಹೆಚ್ಚಿಸುವ' ಸರಕುಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ: ಪುಡಿ, ಮಾತ್ರೆ, ಹಾರ್ಮೋನ್ ಸ್ಪ್ರೇ, ಜೋತುಬೀಳುವ ಕಂಬಿ, ಶೂ ಒಳಗಿಡುವ ಮೆತ್ತೆ. ಇವುಗಳ ಜೊತೆಗೆ ಯಾರೂ ಜಾಹೀರಾತು ಕೊಡದ ಒಂದು ಸೇವೆಯೂ ಇದೆ, ಮೂಳೆ ವಯಸ್ಸಿನ (ಮೂಳೆ ಎಷ್ಟು ಬಲಿತಿದೆ ಎಂದು ವರ್ಷಗಳಲ್ಲಿ ಹೇಳುವ ಅಳತೆ) ಎಕ್ಸ್-ರೇ. ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಈ ಕೊನೆಯದು. ಎರಡನೇ ಸ್ಥಾನ ಶೂ ಮೆತ್ತೆಗೆ. ತಮಾಷೆಯಲ್ಲ, ಕಾರಣ ಮುಂದಿದೆ.

ಎತ್ತರ ಹುಟ್ಟುವುದು ಉದ್ದ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ತೆಳು ಪದರದಲ್ಲಿ. ಡಾಕ್ಟರುಗಳು ಇದನ್ನೇ ಗ್ರೋತ್ ಪ್ಲೇಟ್ ಎನ್ನುವುದು. ಪ್ರಾಯಕ್ಕೆ ಬಂದಾಗ ಈಸ್ಟ್ರೋಜೆನ್ ಹಾರ್ಮೋನು ಮೊದಲು ಬೆಳವಣಿಗೆಗೆ ವೇಗ ಕೊಡುತ್ತದೆ, ಕೊನೆಗೆ ಅದೇ ಹಾರ್ಮೋನು ಪದರವನ್ನು ಮೂಳೆಯಾಗಿಸಿ ಬಾಗಿಲು ಮುಚ್ಚುತ್ತದೆ. ಹುಡುಗರಲ್ಲೂ ಕೆಲಸ ಈಸ್ಟ್ರೋಜೆನ್‌ನದೇ; ಟೆಸ್ಟೋಸ್ಟೆರಾನ್‌ನ ಒಂದು ಪಾಲು ಹಾಗೆ ಬದಲಾಗುತ್ತದೆ. 1994ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಈಸ್ಟ್ರೋಜೆನ್ನಿಗೆ ದೇಹ ಸ್ಪಂದಿಸದ 28 ವರ್ಷದ ಗಂಡಸಿನ ಎತ್ತರ 204 ಸೆಂ.ಮೀ. ಇತ್ತು. ಅವನ ಮೂಳೆಗಳ ವಯಸ್ಸು ಮಾತ್ರ 15! ಹಾಗಾಗಿ '18 ಆಯಿತು, ಇನ್ನು ಬೆಳೆಯಲ್ಲ' ಎನ್ನುವುದೂ ಅರ್ಧ ಸತ್ಯ, '25ರವರೆಗೆ ಬೆಳೀಬಹುದು' ಎನ್ನುವುದೂ ಅರ್ಧ ಸತ್ಯ. ಕ್ಯಾಲೆಂಡರ್ ಅಲ್ಲ, ಮೂಳೆ ನೋಡಬೇಕು.

ನೋಡುವುದು ಸುಲಭ. ಎಡಗೈಯನ್ನು ಅಂಗೈ ಕೆಳಗೆ ಮಾಡಿ ಚಪ್ಪಟೆಯಾಗಿ ಇಟ್ಟು, ಬೆರಳುಗಳನ್ನು ಸ್ವಲ್ಪ ಅಗಲಿಸಿ ಒಂದೇ ಚಿತ್ರ ತೆಗೆಯುತ್ತಾರೆ. ಉಂಗುರ, ಬಳೆ, ವಾಚು ಬಿಚ್ಚಿರಬೇಕು. ವಿಕಿರಣ ಅತಿ ಕಡಿಮೆ, ಪ್ರಕೃತಿಯಿಂದ ನಮಗೆ ಕೆಲವೇ ಗಂಟೆಗಳಲ್ಲಿ ತಗಲುವಷ್ಟು. ಬಂದ ಚಿತ್ರವನ್ನು ಗ್ರೂಲಿಕ್-ಪೈಲ್ ಮಾದರಿ ಚಿತ್ರಗಳ ಜೊತೆ ಹೋಲಿಸಿ ಮೂಳೆ ವಯಸ್ಸು ಹೇಳುತ್ತಾರೆ, ಅಥವಾ ಟ್ಯಾನರ್-ವೈಟ್‌ಹೌಸ್ ಕ್ರಮದಲ್ಲಿ ಒಂದೊಂದು ಮೂಳೆಗೂ ಅಂಕ ಹಾಕಿ ಲೆಕ್ಕ ಕಟ್ಟುತ್ತಾರೆ.

ಸೇವೆ ಕೈಕೊಡುವುದು ವರದಿಯಲ್ಲಿ. 'ನಾರ್ಮಲ್' ಎಂದು ಒಂದೇ ಪದ ಬರೆದುಕೊಟ್ಟರೆ ಅದರಿಂದ ಏನೂ ಪ್ರಯೋಜನವಿಲ್ಲ, ವಾಪಸ್ ಕೊಟ್ಟು ಕೇಳಿ. ಹುಟ್ಟಿದ ದಿನಾಂಕ, ಚಿತ್ರ ತೆಗೆದ ದಿನಾಂಕ, ಬಳಸಿದ ಕ್ರಮ, ಮೂಳೆ ವಯಸ್ಸು, ಮಣಿಕಟ್ಟಿನ ರೇಡಿಯಸ್ ಮೂಳೆಯ ತುದಿ ತೆರೆದಿದೆಯೋ, ಅರ್ಧ ಕೂಡಿದೆಯೋ, ಪೂರ್ತಿ ಕೂಡಿದೆಯೋ, ಇಷ್ಟೂ ಇರಲೇಬೇಕು. ಕೈಯಲ್ಲಿ ಕೊನೆಗೆ ಮುಚ್ಚುವ ತುದಿಗಳಲ್ಲಿ ರೇಡಿಯಸ್ ಒಂದು, ಅದಕ್ಕೇ ಅದರ ಮೇಲೆ ಕಣ್ಣು. ಮಣಿಕಟ್ಟು ಬಾಗಿದ್ದರೆ ಆ ತುದಿಯ ಪದರದ ಗೆರೆಯೇ ಸರಿಯಾಗಿ ಕಾಣದು, ಚಿತ್ರ ಮತ್ತೆ ತೆಗೆಸಬೇಕು. ಹುಡುಗ-ಹುಡುಗಿಯರ ಮಾದರಿ ಚಿತ್ರಗಳು ಬೇರೆಬೇರೆ, ಅದಲುಬದಲಾದರೆ ಲೆಕ್ಕ ಒಂದೆರಡು ವರ್ಷ ಆಚೀಚೆಯಾಗುತ್ತದೆ. ಇನ್ನೊಂದು ಮಾತು: ಗ್ರೂಲಿಕ್-ಪೈಲ್ ಮಾದರಿಗಳು 1930ರ ದಶಕದ ಸುಮಾರಿಗೆ ಅಮೆರಿಕದ ಒಂದೇ ಊರಿನ ಮಕ್ಕಳಿಂದ ತೆಗೆದವು. ಮೂಳೆ ವಯಸ್ಸು ನಿಜ ವಯಸ್ಸಿಗಿಂತ ಒಂದು ವರ್ಷ ಹಿಂದೆಮುಂದೆ ಇದ್ದರೆ ಗಾಬರಿ ಬೇಡ.

ಅಂಕಿ ಕೈಗೆ ಬಂದ ಮೇಲೆ ಲೆಕ್ಕ ಹೀಗೆ. ಬೇಲಿ-ಪಿನ್ನೋ ಕೋಷ್ಟಕದ ಪ್ರಕಾರ ಹುಡುಗರು ಮೂಳೆ ವಯಸ್ಸು 15ಕ್ಕೆ ಕೊನೆಯ ಎತ್ತರದ ಸುಮಾರು 97, 16ಕ್ಕೆ 98, 17ಕ್ಕೆ 99 ಶೇಕಡಾ ಮುಟ್ಟಿರುತ್ತಾರೆ. ಹುಡುಗಿಯರು 14ಕ್ಕೇ 98, 15ಕ್ಕೆ 99. ಈಗ 170 ಸೆಂ.ಮೀ. ಇರುವ ಹುಡುಗನ ಮೂಳೆ ವಯಸ್ಸು 16 ಎಂದುಕೊಳ್ಳಿ. 170ನ್ನು 0.98ರಿಂದ ಭಾಗಿಸಿದರೆ 173.5; ಅಂದರೆ ಬಾಕಿ ಇರುವುದು ಮೂರೂವರೆ ಸೆಂ.ಮೀ. ಇದೂ ಅಂದಾಜೇ, ಕೆಲವು ಸೆಂ.ಮೀ. ತಪ್ಪುವುದುಂಟು. ಆದರೂ 'ಮೂರು ತಿಂಗಳಲ್ಲಿ 4 ಇಂಚು' ಎಂಬ ಡಬ್ಬಿಯ ಮಾತನ್ನು ಅಳೆಯಲು ಇಷ್ಟು ಸಾಕು.

ಈಗ ಆ ಡಬ್ಬಿಯ ವಿಚಾರ. ಲೇಬಲ್ ತಿರುಗಿಸಿ ಓದಿದರೆ ಸಾಮಾನ್ಯವಾಗಿ ಸಿಗುವುದು ಹಾಲಿನ ಅಥವಾ ಸೋಯಾ ಪ್ರೋಟೀನ್, ಸಕ್ಕರೆ ಇಲ್ಲವೇ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ), ಕ್ಯಾಲ್ಸಿಯಂ, ಜಿಂಕ್, ವಿಟಮಿನ್ ಡಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಸಕ್ಕರೆ ಮೊದಲೆರಡು ಹೆಸರುಗಳಲ್ಲಿದ್ದರೆ ಡಬ್ಬಿ ಅಲ್ಲೇ ಇಡಿ. ಊಟದಲ್ಲಿ ನಿಜವಾಗಿ ಕೊರತೆಯಿರುವ, ಗ್ರೋತ್ ಪ್ಲೇಟ್ ತೆರೆದಿರುವ ಮಕ್ಕಳಿಗೆ ಈ ಪೋಷಕಾಂಶಗಳಿಂದ ಉಪಯೋಗವಿದೆ, ಸರಿ. ಹೊಟ್ಟೆತುಂಬ ಉಣ್ಣುವವರಿಗೆ ಹೆಚ್ಚುವರಿ ಚಮಚದಿಂದ ಎತ್ತರ ಬರದು. ಪದರ ಮುಚ್ಚಿದ್ದರಂತೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪುಡಿ, ಮಾತ್ರೆ, ಸಿರಪ್ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ವಿಟಮಿನ್ ಡಿ ಲೆಕ್ಕ ಕೂಡಿ ನೋಡಲಿ. ಈ ವಯಸ್ಸಿಗೆ ದಿನದ ಗರಿಷ್ಠ ಮಿತಿ 4000 ಐಯು (ಲೇಬಲ್ ಮೇಲೆ IU), ಜಿಂಕ್‌ಗೆ 18 ವರ್ಷದವರೆಗೆ 34 ಮಿ.ಗ್ರಾಂ.

ಹಾರ್ಮೋನ್ ಸ್ಪ್ರೇ ಶುದ್ಧ ಮೋಸ. ಬೆಳವಣಿಗೆಯ ಹಾರ್ಮೋನು 191 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನ್. ಬಾಯಿಗೆ ಹಾಕಿದರೆ ಬೇಳೆಯಂತೆ ಜೀರ್ಣವಾಗುತ್ತದೆ. ಚಿಕಿತ್ಸೆಯಲ್ಲಿ ಚುಚ್ಚುಮದ್ದು ಕೊಡುವುದು ಅದಕ್ಕೇ. ಪದರ ಮುಚ್ಚಿದ ಮೇಲೆ ಆ ಚುಚ್ಚುಮದ್ದನ್ನೂ ಕದ್ದುಮುಚ್ಚಿ ಹಾಕಿಸಿಕೊಂಡರೆ ಎತ್ತರ ಸಿಗುವುದಿಲ್ಲ, ಕೀಲುನೋವು, ಏರಿದ ಸಕ್ಕರೆ, ದಪ್ಪಗಾಗುವ ದವಡೆ-ಕೈಕಾಲು ಸಿಗಬಹುದು. ಜಿಮ್‌ಗಳಲ್ಲಿ ಕೈಬದಲಾಗುವ ಸ್ಟೀರಾಯ್ಡ್ ಇನ್ನೂ ಕೆಟ್ಟದ್ದು. ತೆರೆದಿರುವ ಬಾಗಿಲನ್ನೇ ಬೇಗ ಮುಚ್ಚಿಸುತ್ತದೆ.

ಕಂಬಿಗೆ ಜೋತುಬಿದ್ದರೆ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ಹಿಗ್ಗಿ ಸ್ವಲ್ಪ ಉದ್ದ ಕಾಣುತ್ತೀರಿ. ಓಡಾಡಿದ ಮೇಲೆ ಅದು ಹೋಗುತ್ತದೆ. ಹೇಗೂ ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಗಿಂತ ಸುಮಾರು 1 ಸೆಂ.ಮೀ. ಜಾಸ್ತಿ. 'ಮೊದಲು-ಆಮೇಲೆ' ಫೋಟೋಗಳ ಗುಟ್ಟು ಎಷ್ಟೋ ಸಲ ಇಷ್ಟೇ: ಮೊದಲನೆಯದು ಸಂಜೆ, ಎರಡನೆಯದು ಬೆಳಗ್ಗೆ. ಶೂ ಮೆತ್ತೆ ಹಾಗಲ್ಲ. 2 ಸೆಂ.ಮೀ. ಎಂದು ಬರೆದಿದ್ದರೆ ಹಿಮ್ಮಡಿ 2 ಸೆಂ.ಮೀ. ಏರುತ್ತದೆ, ಶೂ ಬಿಚ್ಚಿದರೆ ಇಳಿಯುತ್ತದೆ. 3 ಸೆಂ.ಮೀ. ದಾಟಿದರೆ ಹಿಮ್ಮಡಿ ಜಾರಿ ಮುಂಗಾಲಿಗೆ ಭಾರ ಬೀಳುತ್ತದೆ ಅನ್ನುವುದೊಂದೇ ದೂರು.

ಪರೀಕ್ಷಿಸಲೇಬೇಕೆಂದರೆ ಅಳತೆ ಸರಿಯಿರಲಿ. ಬರಿಗಾಲು, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೋಟ ನೇರ. ತಲೆಯ ಮೇಲೆ ಲಂಬಕೋನದ ದಪ್ಪ ಪುಸ್ತಕ ಒತ್ತಿ ಗುರುತು ಹಾಕಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಯಾವಾಗಲೂ ಒಂದೇ ಹೊತ್ತಿನಲ್ಲಿ, ಆರು ತಿಂಗಳಿಗೊಮ್ಮೆ. ವಾರವಾರ ಅಳೆದರೆ ಸಿಗುವುದು ಬೆಳವಣಿಗೆಯಲ್ಲ, ಅಳತೆಯ ತಪ್ಪು.

14 ತುಂಬಿದರೂ ಪ್ರಾಯದ ಲಕ್ಷಣ ಕಾಣದ ಹುಡುಗ, 13 ತುಂಬಿದರೂ ಎದೆ ಬೆಳವಣಿಗೆ ಶುರುವಾಗದ ಹುಡುಗಿ, ಓರಗೆಯವರು ಜಿಗಿಯುವಾಗ ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದವರು ಪುಡಿಯ ಅಂಗಡಿಗಲ್ಲ, ಮಕ್ಕಳ ಹಾರ್ಮೋನು ತಜ್ಞರ ಬಳಿಗೆ ಹೋಗಬೇಕು. ಹೋಗುವಾಗ ಹಳೆಯ ಎತ್ತರದ ದಾಖಲೆಗಳು, ಅಪ್ಪ-ಅಮ್ಮನ ಅಳೆದ ಎತ್ತರ, ಎಕ್ಸ್-ರೇಯ ವರದಿ ಮಾತ್ರವಲ್ಲ ಚಿತ್ರವೂ ಕೈಯಲ್ಲಿರಲಿ. ಅನುಭವಿ ತಜ್ಞರು ವರದಿ ಪಕ್ಕಕ್ಕಿಟ್ಟು ಚಿತ್ರವನ್ನೇ ಮತ್ತೊಮ್ಮೆ ಓದುತ್ತಾರೆ.