ಕತ್ತಿಗೆ ಒಂದು, ನಿದ್ದೆಗೆ ಇನ್ನೊಂದು: ನಾಲ್ಕು ಗಿಡಗಳ ಹೋಲಿಕೆ

ಉತ್ತರ ಪತ್ರಿಕೆಗಳ ಮೌಲ್ಯಮಾಪನದಲ್ಲಿ ಹಿಡಿದುಕೊಂಡ ಕತ್ತು ಕಳೆದ ವರ್ಷ ದೀಪಾವಳಿಯವರೆಗೂ ಬಿಡಲಿಲ್ಲ. ಧಾರವಾಡದ ಟೋಲ್ ನಾಕಾದ ಹತ್ತಿರ ಸ್ಕೂಟರ್ ತಿರುಗಿಸುವಾಗ ಹಿಂದಿನ ವಾಹನ ನೋಡಲು ಇಡೀ ಮೈಯನ್ನೇ ಹೊರಳಿಸಬೇಕಾಗುತ್ತಿತ್ತು. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಹತ್ತುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಜಾಯಿಕಾಯಿ, ಅಶ್ವಗಂಧ, ತಗರದ ಬೇರು ಮತ್ತು ಬಿಗಿದ ಸ್ನಾಯುಗಳನ್ನು ಸಡಿಲಿಸಲು ವೈದ್ಯರು ಬರೆದುಕೊಟ್ಟ ಥಯೋಕಾಲ್ಚಿಕೋಸೈಡ್ ಗುಳಿಗೆ, ಈ ನಾಲ್ಕನ್ನೂ ನಡುನಡುವೆ ಎರಡು ವಾರ ಬಿಡುವು ಕೊಟ್ಟು ಬಳಸಿದೆ. ನಾಲ್ಕರ ಮೂಲವೂ ಗಿಡವೇ. ಚೆನ್ನಾಗಿ ನಿದ್ದೆ ಬಂದರೆ ಕತ್ತೂ ತಾನಾಗಿಯೇ ಸಡಿಲುತ್ತದೆ ಎಂದುಕೊಂಡು ಆರಂಭಿಸಿದ್ದೆ, ಹಾಗಾಗಲಿಲ್ಲ.

ಜಾಯಿಕಾಯಿ ಮನೆಯಲ್ಲೇ ಇತ್ತು. "ಕೂಸಿಗೆ ಒಂದ ಸುತ್ತು, ನಿನಗ ನಾಲ್ಕ ಸುತ್ತು ಸಾಕು" ಎನ್ನುತ್ತ ಅವ್ವ ಸಾಣೆಕಲ್ಲಿನ ಮೇಲೆ ತೇಯ್ದು ಬಿಸಿ ಹಾಲಿಗೆ ಬೆರೆಸಿ ಕೊಟ್ಟಳು. ತುಸು ತೂಕಡಿಕೆ ಬಂತು, ಅಷ್ಟೇ. ಅವಸರಪಟ್ಟು ಒಂದು ರಾತ್ರಿ ನಾನೇ ಅರ್ಧ ಕಾಯಿ ತುರಿದು ಕುಡಿದೆ. ಮರುದಿನ ಮಧ್ಯಾಹ್ನದವರೆಗೆ ಬಾಯಿ ಒಣಗಿ, ಎದೆ ಬಡಿದುಕೊಂಡು, ತಲೆ ಮಂಕಾಗಿ ಕುಳಿತಿದ್ದೆ. ಅದರ ಎಣ್ಣೆಯಲ್ಲಿರುವ ಮಿರಿಸ್ಟಿಸಿನ್ ಪ್ರಮಾಣ ಮೀರಿದರೆ ವಿಷವೇ. ಮತ್ತೆ ಅದರ ಗೊಡವೆಗೆ ಹೋಗಲಿಲ್ಲ.

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂಬ ಹೆಸರಿದೆ. ಶಾಸ್ತ್ರೀಯ ಹೆಸರಿನಲ್ಲಿರುವ 'ಸೋಮ್ನಿಫೆರಾ' ಎಂಬ ಲ್ಯಾಟಿನ್ ಪದದ ಅರ್ಥ ನಿದ್ದೆ ತರುವಂಥದ್ದು. ರಾತ್ರಿ ಊಟವಾದ ಮೇಲೆ 3 ಗ್ರಾಂ ಬೇರಿನ ಚೂರ್ಣವನ್ನು ಹಾಲಿನೊಂದಿಗೆ ಆರು ವಾರ ಸೇವಿಸಿದೆ. ಮೊದಲ ಮೂರು ವಾರ ಹೊಟ್ಟೆ ಸಡಿಲವಾದದ್ದು ಬಿಟ್ಟರೆ ಬೇರೇನೂ ತೋರಲಿಲ್ಲ. ನಾಲ್ಕನೆಯ ವಾರದಿಂದ ನಡುರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು. ಕತ್ತು ಮಾತ್ರ ಇದ್ದಲ್ಲೇ ಇತ್ತು. ಥೈರಾಯ್ಡ್ ಗುಳಿಗೆ ನುಂಗುವ ನನ್ನ ಅಕ್ಕನಿಗೆ ಇದನ್ನು ಹೇಳಲಿಲ್ಲ, ಏಕೆಂದರೆ ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು.

ತಗರವನ್ನು ಕೊಳ್ಳುವುದೇ ಒಂದು ಪರೀಕ್ಷೆ. ಹುಬ್ಬಳ್ಳಿಯ ಒಂದು ಗಿಡಮೂಲಿಕೆ ಅಂಗಡಿಯಲ್ಲಿ ತಗರ ಕೇಳಿದರೆ ಜಟಾಮಾಂಸಿಯನ್ನು ಕಟ್ಟಿಕೊಟ್ಟರು. ಮನೆಗೆ ಬಂದು ಪೊಟ್ಟಣ ಬಿಚ್ಚಿದಾಗ ಕೆಂಗಂದು ಕೂದಲು ಸುತ್ತಿಕೊಂಡ, ಇಲಿಯ ಬಾಲದಂಥ ತುಂಡುಗಳು ಕಂಡವು. ತಗರದ ಬೇರುಗಡ್ಡೆಯಲ್ಲಿ ಆ ಜಟೆ ಇರುವುದಿಲ್ಲ. ಅದು ಗಂಟುಗಂಟಾಗಿ, ಮೈಮೇಲೆ ಬಳೆಯಂಥ ಗೆರೆಗಳಿಂದ ಕೂಡಿರುತ್ತದೆ. ತಗರದ ಶಾಸ್ತ್ರೀಯ ಹೆಸರೇ ವಲೇರಿಯಾನಾ ಜಟಾಮಾಂಸಿ, ಜಟಾಮಾಂಸಿಯದು ನಾರ್ಡೋಸ್ಟ್ಯಾಕಿಸ್ ಜಟಾಮಾಂಸಿ ಆಗಿರುವಾಗ ಅಂಗಡಿಯವರೊಬ್ಬರನ್ನೇ ದೂರುವುದೂ ಸರಿಯಲ್ಲ. ಎರಡೂ ಹಿಮಾಲಯದ ಗಿಡಗಳು. ಸರಿಯಾದ ಬೇರು ಸಿಕ್ಕ ಮೇಲೆ ಗುರುತು ಹಿಡಿಯಲು ಮೂಗೊಂದೇ ಸಾಕಾಯಿತು: ವಾರಗಟ್ಟಲೆ ತೊಳೆಯದ ಕಾಲುಚೀಲದ ವಾಸನೆ. ಪಾದದ ಬೆವರಿನ ವಾಸನೆಗೆ ಕಾರಣವಾದ ಐಸೊವಲೇರಿಕ್ ಆಮ್ಲವೇ ಇದರಲ್ಲೂ ಇದೆ. ಕುದಿಸದೆ, ಬಿಸಿನೀರಿನಲ್ಲಿ ಹದಿನೈದು ನಿಮಿಷ ಮುಚ್ಚಿಟ್ಟು ಸೋಸಿ ಕುಡಿದೆ. ಮೂರನೆಯ ರಾತ್ರಿಯಿಂದ ಹಾಸಿಗೆಗೆ ಬಿದ್ದ ಅರ್ಧ ಗಂಟೆಯೊಳಗೆ ನಿದ್ದೆ ಬರತೊಡಗಿತು. ಬೆಳಿಗ್ಗೆ ತಲೆಭಾರವೂ ಇರಲಿಲ್ಲ. ಇದರ ಸೋದರಸಂಬಂಧಿಯಾದ ಯುರೋಪಿನ ವಲೇರಿಯನ್ನಿನಲ್ಲಿರುವ ವಲೇರೆನಿಕ್ ಆಮ್ಲವು, ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುತ್ತದೆ. ಕತ್ತಿನ ಬಿಗಿತ ಇದಕ್ಕೂ ಜಗ್ಗಲಿಲ್ಲ.

ಕತ್ತನ್ನು ಬಿಡಿಸಿದ್ದು ಗುಳಿಗೆ. ಥಯೋಕಾಲ್ಚಿಕೋಸೈಡ್ ಕಾರ್ಖಾನೆಯ ಔಷಧವೆಂದೇ ತಿಳಿದಿದ್ದೆ. ಆದರೆ ಅದರ ಕಚ್ಚಾವಸ್ತು ಸಿಗುವುದು ಮಳೆಗಾಲದಲ್ಲಿ ನಮ್ಮ ಹೊಲದ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ, ಬೀಜದಲ್ಲಿ. ಬೀಜದ ಕಾಲ್ಚಿಕೋಸೈಡಿಗೆ ಗಂಧಕವನ್ನು ಸೇರಿಸಿ ಇದನ್ನು ತಯಾರಿಸುತ್ತಾರೆ. ಗಿಡವನ್ನು ನೇರವಾಗಿ ಬಳಸುವ ಮಾತೇ ಇಲ್ಲ: ಗಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣ ತೆಗೆಯುತ್ತದೆ. ಅಂಗಡಿಯಲ್ಲಿ ಈ ಔಷಧ ಹೆಚ್ಚಾಗಿ ನೋವಿನ ಗುಳಿಗೆಯೊಂದಿಗೆ ಬೆರೆತೇ ಬರುತ್ತದೆ. ನನಗೆ ಬರೆದುಕೊಟ್ಟದ್ದು ಬೆರೆಸದ 4 ಮಿಲಿಗ್ರಾಂನದು, ದಿನಕ್ಕೆರಡು, ಐದು ದಿನ. ಮೂರನೆಯ ದಿನ ಸಂಜೆ ಗದ್ದ ಭುಜದವರೆಗೆ ತಿರುಗಿತು. ವಿಚಿತ್ರವೆಂದರೆ ನಿದ್ದೆಗೆ ಅದರಿಂದ ನೆರವಾಗಲಿಲ್ಲ. ಮಿದುಳಿನಲ್ಲಿ ಗಾಬಾ ಬಂದು ಅಂಟುವ ತಾಣಗಳಾದ ಗ್ರಾಹಕಗಳ ಮೇಲೆ ಈ ಗುಳಿಗೆಯ ಕೆಲಸ ವಲೇರೆನಿಕ್ ಆಮ್ಲದ್ದಕ್ಕೆ ವಿರುದ್ಧವಾದದ್ದು, ಆದ್ದರಿಂದಲೇ ಮೂರ್ಛೆರೋಗವಿರುವವರಿಗೆ ಅದು ಸಲ್ಲದು. ದೇಹದಲ್ಲಿ ಅದು ಒಡೆದು ಉಂಟಾಗುವ ವಸ್ತುವೊಂದು ವರ್ಣತಂತುಗಳಿಗೆ ಹಾನಿ ಮಾಡಬಹುದೆಂಬ ಕಾರಣದಿಂದ ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಗುಳಿಗೆಯ ಬಳಕೆಯನ್ನು 7 ದಿನಗಳಿಗೆ ಸೀಮಿತಗೊಳಿಸಿದರು. ಗರ್ಭಿಣಿಯರೂ ಹಾಲುಣಿಸುವವರೂ ಸೇವಿಸುವಂತಿಲ್ಲ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವ ಸಹೋದ್ಯೋಗಿಗಳಿದ್ದಾರೆ, ಅವರಿಗೆ ಈ ಮಿತಿಯನ್ನು ಹೇಳಿದ್ದೇನೆ.

ಸದ್ಯ ಮನೆಯಲ್ಲಿ ಉಳಿದಿರುವುದು ತಗರವೊಂದೇ, ಅದೂ ಹಿತ್ತಲಿನ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಅಡುಗೆಮನೆಯಲ್ಲಿಟ್ಟಿದ್ದಾಗ ಅದರ ವಾಸನೆಗೆ ಮರುಳಾದ ಓಣಿಯ ಬೆಕ್ಕು ಡಬ್ಬಿ ಉರುಳಿಸಿ, ಚೆಲ್ಲಿದ ಬೇರಿನ ಮೇಲೆ ಬೆಳಗಿನವರೆಗೂ ಹೊರಳಾಡಿತ್ತು.