ಚಿಕನ್ ಕಡ್ಡಿ ತಿಂದು ಅವ್ವ ಒಣಗಿಸುತ್ತಿದ್ದ ಖಂಡ ನೆನಪಾಯಿತು

ತಮ್ಮ ಬೆಂಗಳೂರಿನಿಂದ ಒಣ ಚಿಕನ್ ಸ್ಟಿಕ್ ತಂದಿದ್ದ. ಹುಬ್ಬಳ್ಳಿಯಲ್ಲಿ ಗದಗಿನ ರೈಲು ಹತ್ತಿ ಪ್ಯಾಕೆಟ್ ಒಡೆದೆ. ಅಣ್ಣಿಗೇರಿ ಬರುವಷ್ಟರಲ್ಲಿ ಮೂರು ಖಾಲಿ!

ಕೊಚ್ಚಿದ ಮಾಂಸವನ್ನು ತೆಳು ಪೊರೆಯೊಳಗೆ ತುಂಬಿ ಒಣಗಿಸಿದ್ದು ಇದು. ಅದಕ್ಕೇ ಹಲ್ಲಿಗೆ ಸುಲಭ. ಜರ್ಕಿ ಎಂಬ ಒಣ ಮಾಂಸ ಹಾಗಲ್ಲ, ಇಡೀ ಮಾಂಸದ ಪಟ್ಟಿ, ಎಳೆ ಎಳೆಯಾಗಿ ಜಗಿಯಬೇಕು. ದಕ್ಷಿಣ ಆಫ್ರಿಕಾದ ಒಣ ಮಾಂಸ ಬಿಲ್ಟಾಂಗ್‌ಗೆ ವಿನೆಗರ್, ಕೊತ್ತಂಬರಿ ಕಾಳು ಹಚ್ಚಿ ಗಾಳಿಗೆ ಒಣಹಾಕುತ್ತಾರೆ.

ನಮ್ಮ ಅವ್ವ ಬೇಸಿಗೆಯಲ್ಲಿ ಉಪ್ಪು, ಅರಿಶಿನ ಹಚ್ಚಿ ಮಾಳಿಗೆ ಮೇಲೆ ಹಗ್ಗಕ್ಕೆ ಖಂಡ ನೇತುಹಾಕುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಕೆಂಡದಲ್ಲಿ ಸುಟ್ಟರೆ ಆ ವಾಸನೆಗೇ ಎರಡು ರೊಟ್ಟಿ ಇಳಿಯುತ್ತಿದ್ದವು. ಈ ಕಡ್ಡಿಯಲ್ಲಿ ಹೊಗೆಯೂ ಇಲ್ಲ, ಖಾರವೂ ಇಲ್ಲ. ಉಪ್ಪು ಮಾತ್ರ ಜಾಸ್ತಿ. ಗದಗ ಮುಟ್ಟುವ ಮೊದಲೇ ನೀರಿನ ಬಾಟಲಿ ಮುಗಿಯಿತು.